ಮನೇಲೆಲ್ಲ ಕ್ಷೇಮ

ಬೆಳಿಗ್ಗೆಯಿಂದ ಮಾತಿನಮ್ಮನ ಕೈ ಯಾರಿಗಾದರೂ ಒಂದು ಬಾರಿಸಬೇಕೆಂದು ಕಡಿಯುತ್ತಿತ್ತು. ಬಸ್ಸಿನಲ್ಲಿ ಕಾಲು ತುಳಿದು ತಿರುಗಿಯೂ ನೋಡದೆ ಇಳಿದುಹೋದವನ ಬೆನ್ನಿಗೆ, ದಿನಾ ಕಾಣುವ ಮುಖವನ್ನೇ ಹೊಸದಾಗಿ ಕಂಡವನಂತೆ ತಡೆದು ಗುರುತಿನ ಚೀಟಿ ಕೇಳಿದ ಆಸ್ಪತ್ರೆಯ ಕಾವಲುಗಾರನ ಕೆನ್ನೆಗೆ, ಲಿಫ್ಟಿನೊಳಗೆ ನಿಂತು ಬಾಗಿಲು ಮುಚ್ಚುವಾಗ ಹಲ್ಲು ಕಿರಿದ ಔಷಧಿ ಅಂಗಡಿಯ ಹುಡುಗಿಯ ಬಾಯಿಗೆ. ಹೊಡೆಯಲಿಲ್ಲ. ಐವತ್ತು ದಾಟಿದ ಹೆಂಗಸು, ನಾಲ್ಕು ಜನಕ್ಕೆ ಬೇಕಾದವಳು, ಆಸ್ಪತ್ರೆಯಲ್ಲಿ ಎಂದೂ ದನಿ ಎತ್ತಿದವಳಲ್ಲ. ಕೈಯನ್ನು ಕಂಕುಳಿನಲ್ಲಿ ಅವುಚಿಕೊಂಡು ಮೆಟ್ಟಿಲು ಹತ್ತಿದಳು. ನಿನ್ನೆ ಸಂಜೆ ಹೊಡೆದದ್ದು ತಾನಲ್ಲ, ಮಗ. ತಾನು ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕೂತು ಉಣ್ಣುತ್ತಿದ್ದೆ, ಅಷ್ಟೇ. ಹಾಗಿದ್ದ ಮೇಲೆ ಈ ಕೈಗೆ ಏನು ಬಂದಿದೆ ಎಂದು ಅವಳಿಗೆ ಕೈಯ ಮೇಲೂ ಸಿಟ್ಟು ಬಂತು.

ಅವಳ ಕೆಲಸ ಮಾತು ದಾಟಿಸುವುದು. ಈ ಆಸ್ಪತ್ರೆಗೆ ಎಲ್ಲೆಲ್ಲಿಂದಲೋ ಡಾಕ್ಟರುಗಳು ಬರುತ್ತಾರೆ, ಎರಡು ಮೂರು ವರ್ಷ ಇದ್ದು ಹೋಗುತ್ತಾರೆ. ಅವರಿಗೆ ಕನ್ನಡ ಬಾರದು, ರೋಗಿಗಳಿಗೆ ಇಂಗ್ಲಿಷ್ ಬಾರದು, ನಡುವೆ ಇವಳು. ಮೊದಲು ಇದೇ ವಾರ್ಡಿನ ನೆಲ ಒರೆಸುತ್ತಿದ್ದವಳು. ಒರೆಸುತ್ತ ಒರೆಸುತ್ತ ಕಿವಿಗೆ ಬಿದ್ದ ಇಂಗ್ಲಿಷನ್ನೆಲ್ಲ ಬಾಚಿ ಒಳಗೆ ಹಾಕಿಕೊಂಡು, ಯಾರೂ ಸಿಗದ ಒಂದು ಮಧ್ಯಾಹ್ನ ಡಾಕ್ಟರಿಗೂ ಒಬ್ಬಳು ಮುದುಕಿಗೂ ನಡುವೆ ನಿಂತು ನಾಲ್ಕು ಮಾತು ಆಡಿಬಿಟ್ಟಳು. ಅಂದಿನಿಂದ ಬಕೆಟ್ಟು ಹೋಗಿ ಕುರ್ಚಿ ಬಂತು, ಮಾತಿನಮ್ಮ ಎಂಬ ಹೆಸರು ಬಂತು. ಮೊದಮೊದಲು ಪಟ್ಟ ಫಜೀತಿ ಅಷ್ಟಿಷ್ಟಲ್ಲ. ಡಾಕ್ಟರು ಕಂಪ್ಲೇಂಟ್ ಏನು ಎಂದರೆ ಇವಳು ನಿಮ್ಮ ದೂರೇನು ಎಂದು ಕೇಳುವಳು. ಮುರಿದ ಕಾಲನ್ನು ಎಳೆದುಕೊಂಡು ಬಂದವನು ಗಾಬರಿಬಿದ್ದು, ನನ್ನದು ಯಾರ ಮೇಲೂ ದೂರಿಲ್ಲ ತಾಯಿ ಎಂದು ಕೈ ಮುಗಿಯುವನು. ಇವಳು ನೋ ಕಂಪ್ಲೇಂಟ್ ಎಂದು ದಾಟಿಸುವಳು. ಡಾಕ್ಟರು ಒಮ್ಮೆ ಆ ಕಾಲನ್ನೂ ಒಮ್ಮೆ ಇವಳನ್ನೂ ನೋಡುವನು. ದೊಡ್ಡ ಸಿಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕು ತಿದ್ದಿದ್ದಳು. ಟೆಂಡರ್ ಎಂದರೆ ರಸ್ತೆ ಕೆಲಸಕ್ಕೆ ಕರೆಯುವುದು ಎಂದಷ್ಟೇ ತಿಳಿದಿದ್ದವಳಿಗೆ, ಒತ್ತಿದರೆ ನೋಯುವ ಜಾಗಕ್ಕೂ ಅದೇ ಮಾತು ಎಂದು ತಿಳಿಯುವ ಹೊತ್ತಿಗೆ ಎಷ್ಟೋ ಜನರ ಹೊಟ್ಟೆ ಹಣ್ಣಾಗಿತ್ತು. ನೋವಿಗೆ ಅವರಲ್ಲಿ ಇರುವುದೆಲ್ಲ ಕೊಲೆಗಾರರ ಮಾತು: ಇರಿಯುವ ನೋವು, ಗುಂಡು ಹೊಡೆಯುವ ನೋವು, ಜಜ್ಜುವ ನೋವು. ಆ ಮಾತುಗಳು ಅವಳಿಗೆ ಇಷ್ಟವಾಗಿದ್ದವು. ಸ್ಟ್ಯಾಬಿಂಗ್, ಶೂಟಿಂಗ್, ಕ್ರಶಿಂಗ್ ಎಂದು ಪಾತ್ರೆ ತಿಕ್ಕುವಾಗ ನಾಲಿಗೆಯ ಮೇಲೆ ಹೊರಳಿಸಿಕೊಳ್ಳುವಳು. ನಮ್ಮವರು ಹಿಂಡುತ್ತೆ, ಕೀಳುತ್ತೆ, ಕಿತ್ತು ತಿನ್ನುತ್ತೆ ಎನ್ನುತ್ತಾರೆ. ಏನು ತಿನ್ನುತ್ತದೆ, ಯಾರು ತಿನ್ನುತ್ತಾರೆ ಎಂದು ಅವಳೂ ಕೇಳಿದವಳಲ್ಲ.

ತಪ್ಪು ದಾಟಿಸಿದರೆ ತಪ್ಪು ಉತ್ತರ ಬರುತ್ತದೆ, ಆಗ ತಿದ್ದಿಕೊಳ್ಳಬಹುದು. ಸರಿಯಾದ ಉತ್ತರವೇ ಬರುತ್ತಿದ್ದರೆ ತಿದ್ದುವವರು ಯಾರು? ಹೆಂಗಸರ ವಾರ್ಡಿಗೆ ಈಗ ಬಂದಿರುವ ಡಾಕ್ಟರಮ್ಮ ಚಿಕ್ಕ ಪ್ರಾಯದವಳು, ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡವಳು, ನಗುವುದು ಕಡಿಮೆ. ಪ್ರತಿಯೊಬ್ಬ ಹೆಂಗಸನ್ನೂ ನೋಡಿ ಮುಗಿಸಿದ ಮೇಲೆ ಕೈ ತೊಳೆದು ಬಂದು ಕೂತು ಆಕೆ ಒಂದು ಮಾತು ಕೇಳುತ್ತಾಳೆ: ಡು ಯು ಫೀಲ್ ಸೇಫ್ ಅಟ್ ಹೋಮ್. ಹೋಮ್ ಗೊತ್ತು, ಸೇಫೂ ಗೊತ್ತು. ಪ್ರಯಾಣ ಮುಗಿಸಿದವರು ಸೇಫಾಗಿ ಬಂದೆವು ಎನ್ನುವುದಿಲ್ಲವೇ, ಹೊರಟವರಿಗೆ ಸೇಫಾಗಿ ಹೋಗಿ ಬನ್ನಿ ಎನ್ನುವುದಿಲ್ಲವೇ? ಅಂದಮೇಲೆ ಇದು ಕ್ಷೇಮಸಮಾಚಾರ. ಪರ ಊರಿನವಳಾದರೂ ಮರ್ಯಾದಸ್ಥೆ, ಕೆಲಸ ಮುಗಿದ ಕೂಡಲೇ ಎದ್ದು ಹೋಗದೆ ಮನೆಯವರ ಯೋಗಕ್ಷೇಮ ವಿಚಾರಿಸುತ್ತಾಳೆ ಎಂದು ಮಾತಿನಮ್ಮನಿಗೆ ಆಕೆಯ ಮೇಲೆ ಗೌರವವೂ ಬಂದಿತ್ತು. ಆಕೆಯ ದನಿಗಿಂತ ತನ್ನ ದನಿಯನ್ನು ಒಂದಿಷ್ಟು ಮೆತ್ತಗೆ ಮಾಡಿಕೊಂಡು, ಮನೇಲೆಲ್ಲ ಕ್ಷೇಮವಾ ಎಂದು ಕೇಳುತ್ತಿದ್ದಳು. ಈ ಪ್ರಶ್ನೆಗೆ ಇಲ್ಲ ಎಂದವರುಂಟೇ? ದವಡೆ ಒಡೆದವಳು ಊದಿದ ಬಾಯಿಯಲ್ಲೇ ಕ್ಷೇಮ ಎಂದಿದ್ದಳು. ಕಿವಿಯ ಹಾಲೆ ಹರಿದು ನೇತಾಡುತ್ತಿದ್ದವಳು, ಅದನ್ನು ಹೊಲಿಸಿಕೊಳ್ಳುತ್ತಲೇ, ಎಲ್ಲ ನಿಮ್ಮ ದಯೆ ಎಂದಿದ್ದಳು. ಹೊಟ್ಟೆಗೆ ಒದೆ ತಿಂದು ಐದು ತಿಂಗಳ ಬಸುರು ಇಳಿದವಳು ಮಾತ್ರ ಏನೂ ಹೇಳದೆ ಮಾತಿನಮ್ಮನ ಮುಖವನ್ನು ಬಹಳ ಹೊತ್ತು ನೋಡಿ, ಆಮೇಲೆ ತಲೆಯಾಡಿಸಿದ್ದಳು. ಎಸ್ ಡಾಕ್ಟರ್, ಸೇಫ್ ಎಂದು ಮಾತಿನಮ್ಮ ಎಲ್ಲರದನ್ನೂ ದಾಟಿಸಿದ್ದಳು.

ನಿನ್ನೆ ಮಧ್ಯಾಹ್ನ ಬಂದವಳ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಇತ್ತು. ಮೂತಿ ಮೇಲೆ, ಅಗಲ ಕೆಳಗೆ, ತಪ್ಪಿಲ್ಲದ ಅಚ್ಚು. ಸುಲಿದ ಚರ್ಮ ಬಟ್ಟೆಗೆ ಅಂಟಿಕೊಂಡು ಬಂದಿತ್ತು. ಅವಳೂ ಕ್ಷೇಮ ಎಂದಳು.  ಹೆಂಗಸು ಹೋದ ಮೇಲೆ ಡಾಕ್ಟರಮ್ಮ, ಇಷ್ಟು ಗಾಯಗಳಿರುವ ಊರಿನಲ್ಲಿ ಒಬ್ಬಳಾದರೂ ಭಯ ಅನ್ನುವುದಿಲ್ಲವಲ್ಲ, ನೀನು ಅವರನ್ನು ಕೇಳುವುದಾದರೂ ಏನನ್ನು ಎಂದಳು. ಮಾತಿನಮ್ಮ ತಾನು ಕೇಳುವುದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು: ಎವ್ವೆರಿಬಡಿ ಇನ್ ಹೌಸ್ ಗುಡ್? ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು. ನಿನ್ನನ್ನು ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ, ಮನೆಯವರಲ್ಲಿ ಯಾರನ್ನು ಕಂಡರಾದರೂ ನಿನಗೆ ಭಯವಿದೆಯಾ, ರಾತ್ರಿ ನಿನಗೆ ಅಲ್ಲಿ ಕಣ್ಣು ಮುಚ್ಚಲು ಧೈರ್ಯವಿದೆಯಾ. ನಾನು ಇಲ್ಲಿ ಬಂದಾಗಿನಿಂದ ಕೇಳುತ್ತಿರುವುದು ಇದಿಷ್ಟನ್ನೇ ಎಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತಿನಮ್ಮ ಕಿಟಕಿಯಿಂದ ಕೆಳಗೆ ನೋಡಿದಾಗ ಬೆನ್ನು ಸುಟ್ಟವಳನ್ನು ಅವಳ ಗಂಡ ಗಾಡಿಯ ಹಿಂದಿನ ಸೀಟಿಗೆ ಹತ್ತಿಸುತ್ತಿದ್ದ. ಅವಳು ಹಿಂದಕ್ಕೆ ಒರಗಲಾರದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಓಡಿಹೋಗಿ ಗಾಡಿ ನಿಲ್ಲಿಸಬಹುದಿತ್ತು. ನಿಲ್ಲಿಸಿ ಏನನ್ನಲಿ, ನಾನು ನಿನ್ನನ್ನು ಕೇಳಿದ್ದು ತಪ್ಪು, ಇನ್ನೊಂದು ಸಲ ಕೇಳುತ್ತೇನೆ ಅನ್ನಲೇ? ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಅವಳು ಕಿಟಕಿಯ ಕಂಬಿ ಹಿಡಿದು ನಿಂತಳು.

ಈಗ, ಹೊರರೋಗಿಗಳ ಸಾಲಿನ ಪಕ್ಕ ತನ್ನ ಕುರ್ಚಿಯಲ್ಲಿ ಕೂತು, ಅವಳು ಬರುವ ಹೆಂಗಸರನ್ನೆಲ್ಲ ಮೇಲಿಂದ ಕೆಳಗೆ ನೋಡುತ್ತಿದ್ದಳು. ಈ ಕೈ ಕಟ್ಟಿಕೊಂಡವಳದ್ದು ಬಿದ್ದದ್ದೋ, ತಿರುಚಿದ್ದೋ? ಮೊದಲಾಗಿದ್ದರೆ ಇವರೆಲ್ಲ ನೋವಿನ ಮೂಟೆಗಳು, ಸಾಲಾಗಿ ಬಂದು ಸಾಲಾಗಿ ಹೋಗುವವರು. ಒಂದು ಮಾತಿನ ಅರ್ಥ ತಿಳಿದದ್ದೇ ತಡ, ಪ್ರತಿಯೊಬ್ಬಳ ಹಿಂದೆಯೂ ಒಬ್ಬ ಗಂಡಸು ಬೆಲ್ಟು ಹಿಡಿದು ನಿಂತಂತೆ ಕಾಣುತ್ತಿತ್ತು. ಅವಳ ಗಂಡನೂ ಬೆಲ್ಟಿನವನೇ. ಲಾರಿ ಓಡಿಸುತ್ತಿದ್ದವನು, ಸತ್ತು ಎಷ್ಟೋ ಕಾಲವಾಯಿತು. ಅವನು ಹೊಡೆಯುವಾಗ ಅವಳ ಅತ್ತೆ ಹೊರಗಿನ ಕೋಣೆಯಲ್ಲಿ ರೇಡಿಯೋದ ದನಿ ಏರಿಸುತ್ತಿದ್ದಳು. ರೇಡಿಯೋ ಇಳಿದರೆ ಹೊಡೆತ ಮುಗಿದಿದೆ ಎಂದು ಲೆಕ್ಕ. ಆಗ ಅವಳು ನೆಲಕ್ಕೆ ಕೆನ್ನೆ ಒತ್ತಿಕೊಂಡು, ಈ ಮುದುಕಿಯ ಕತ್ತು ಹಿಸುಕಬೇಕು, ಗಂಡನದಲ್ಲ, ಇವಳದ್ದೇ, ಎರಡೂ ಹೆಬ್ಬೆರಳು ಗಂಟಲಿನೊಳಗೆ ಇಳಿಯುವಂತೆ, ಎಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಳ್ಳುವಾಗ ಎಷ್ಟು ನೆಮ್ಮದಿಯಾಗುತ್ತಿತ್ತು! ನಾನಂತೂ ರೇಡಿಯೋ ಹಾಕುವುದಿಲ್ಲ ಎಂದು ಅವಳಿಗೆ ತನ್ನ ಬಗ್ಗೆ ಒಂದು ಸಣ್ಣ ಹೆಮ್ಮೆಯಿತ್ತು. ನಿಜ, ಹಾಕುವುದಿಲ್ಲ.

ಲಿಫ್ಟು ರಿಪೇರಿ ಮಾಡುವ ಮಗ ಮಿತಭಾಷಿ. ಮನೆಗೆ ಬಂದು ಕಾಲು ತೊಳೆದು ಕೂತು, ಹೆಂಡತಿಯನ್ನು ಕೇಳುವುದಿಲ್ಲ, ತಾಯಿಯನ್ನು ಕೇಳುತ್ತಾನೆ, ಏನಮ್ಮ ಸಮಾಚಾರ ಎಂದು. ಮನೆಯಲ್ಲೂ ಮಾತಿನಮ್ಮನದು ಅದೇ ಕೆಲಸ. ಅಮ್ಮನ ಮನೆಗೆ ಒಂದು ದಿನದ ಮಟ್ಟಿಗೆ ಹೋಗಿ ಬರಲೇ ಎಂದು ಸೊಸೆ ಕೇಳಿದ್ದರೆ, ಅದು ಇವಳ ಬಾಯಿಂದ ಮಗನ ಕಿವಿಗೆ ಹೋಗುವಾಗ, ಅವಳಿಗೆ ಈ ಮನೆ ಸಾಕಾಗಿದೆಯಂತೆ ಎಂದಾಗಿರುತ್ತಿತ್ತು. ತಲೆನೋವು, ಇವತ್ತೊಂದು ದಿನ ನೀವೇ ಒಲೆ ಹಚ್ಚುತ್ತೀರಾ ಎಂದದ್ದು, ನಾನು ಇವರಿಗೆಲ್ಲ ಬೇಯಿಸಿ ಹಾಕೋಕೆ ಹುಟ್ಟಿದವಳಾ ಎಂದಾಗಿರುತ್ತಿತ್ತು. ಸುಳ್ಳಲ್ಲ. ಸೊಸೆಯ ಮನಸ್ಸಿನಲ್ಲಿ ಇರುವುದು ಅದೇ ಎಂದು ಅವಳು ಖಂಡಿತವಾಗಿ ನಂಬಿದ್ದಳು. ಬಾಯಲ್ಲಿ ಬಂದದ್ದನ್ನು ಯಾರು ಬೇಕಾದರೂ ಹೇಳಬಹುದು, ಒಳಗಿನದನ್ನು ದಾಟಿಸಲು ತನ್ನಂಥವಳು ಬೇಕು. ಮಗ ಕೇಳಿಸಿಕೊಂಡು ಮೊದಲು ಕೈಗಡಿಯಾರ ಬಿಚ್ಚಿ ಗೂಡಿನಲ್ಲಿ ಇಡುವನು. ಅದು ಕಂಡರೆ ಸಾಕು, ಅವಳು ಎದ್ದು ಅಡುಗೆಮನೆಗೆ ಹೋಗಿ ತಟ್ಟೆ ಹಾಕಿಕೊಂಡು ಕೂರುವಳು. ಉಣ್ಣುವ ಹೊತ್ತಿನಲ್ಲಿ ಯಾರೂ ಯಾರನ್ನೂ ಎಬ್ಬಿಸುವಂತಿಲ್ಲವಲ್ಲ.

ನಿನ್ನೆ ಸಂಜೆ ಅವಳು ಮನೆಗೆ ಬಂದವಳೇ ಕನ್ನಡಿಯ ಮುಂದೆ ನಿಂತಿದ್ದಳು. ಡಾಕ್ಟರಮ್ಮ ಹೇಳಿದ ಮಾತನ್ನು ಆಕೆ ಹೇಳಿದ ಹಾಗೆಯೇ, ಕೊನೆಯಲ್ಲಿ ದನಿ ಸ್ವಲ್ಪ ಮೇಲಕ್ಕೆ ಎತ್ತಿ, ಹೇಳಿ ನೋಡುತ್ತಿದ್ದಳು. ನಾಳೆಯಿಂದ ಸರಿಯಾಗಿ ಕೇಳಬೇಕು, ಒಬ್ಬರೂ ಬೆರಳು ಮಾಡಿ ತೋರಿಸಬಾರದು. ಡು ಯು ಫೀಲ್ ಸೇಫ್ ಅಟ್ ಹೋಮ್. ಇನ್ನೊಂದು ಸಲ. ಮತ್ತೊಂದು ಸಲ. ಹಿಂದೆ ಯಾರೋ ನಕ್ಕರು. ಬಾಗಿಲಲ್ಲಿ ಸೊಸೆ, ಹೊಲಿಗೆ ಕಾರ್ಖಾನೆಯಿಂದ ಆಗಷ್ಟೇ ಬಂದು ಕೈಚೀಲವನ್ನೂ ಇಳಿಸದೆ ನಿಂತಿದ್ದಳು, ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು. ಇಡೀ ಮಧ್ಯಾಹ್ನ ನುಂಗಿಕೊಂಡಿದ್ದ ಅವಮಾನವೆಲ್ಲ ಒಂದೇ ಸಲಕ್ಕೆ ಮಾತಿನಮ್ಮನ ಕಿವಿಯವರೆಗೆ ಏರಿತು. ಡಾಕ್ಟರಮ್ಮ ಮುಚ್ಚಿದ ಕಣ್ಣು, ದೊಡ್ಡ ಸಿಸ್ಟರಿನ ಹಳೆಯ ನಗು, ಈಗ ಇವಳೂ. ಬಾಚಣಿಗೆಯ ಹಲ್ಲನ್ನು ಅವಳ ಕಣ್ಣಿಗೇ ಚುಚ್ಚಿಬಿಡಬೇಕು ಎನಿಸಿತು. ಚುಚ್ಚಲಿಲ್ಲ, ತಲೆ ಬಾಚಿಕೊಂಡಳು. ಮಗ ಬಂದು ಕೂತು ಸಮಾಚಾರ ಕೇಳಿದಾಗ, ಏನೂ ಇಲ್ಲಪ್ಪ, ಓದಿಲ್ಲದ ಮುಂಡೇದು ಇಂಗ್ಲಿಷ್ ಆಡುತ್ತೆ ಅಂತ ನಿನ್ನ ಹೆಂಡ್ತಿ ನನ್ನ ಆಡಿಕೊಂಡು ನಗ್ತಾಳೆ, ನಗಲಿ, ನಗುವ ಕಾಲ ಅವಳದ್ದು ಎಂದಳು. ಗಡಿಯಾರ ಗೂಡಿನಲ್ಲಿ ಕೂತಿತು. ಅವಳು ತಟ್ಟೆಯ ಮುಂದೆ ಕೂತಳು. ಗೋಡೆಯ ಆಚೆ ಮೊದಲು ಕೆನ್ನೆಯ ಸದ್ದು, ಆಮೇಲೆ ಮೈ ಗೋಡೆಗೆ ಬಡಿದ ಸದ್ದು, ಆಮೇಲೆ ಒದೆಯ ಸದ್ದು. ಒದೆಯ ಸದ್ದೇ ಬೇರೆ, ಅದಕ್ಕೆ ಟೊಳ್ಳು ದನಿಯಿರುತ್ತದೆ, ಒದೆ ತಿಂದವರಿಗೆ ಅದು ಗೊತ್ತು. ಬಾಯೊಳಗಿನ ತುತ್ತು ಇಳಿಯಲಿಲ್ಲ. ಸೇಫ್ ಎಂಬ ಮಾತು ಆ ತುತ್ತಿನ ಜೊತೆ ಗಂಟಲಲ್ಲಿ ನಿಂತಿತ್ತು. ಅವಳು ನೀರು ಕುಡಿದು ಅದನ್ನು ಇಳಿಸಿದಳು.

ಈಗ ಎದುರಿನ ಬಾಗಿಲು ತೆರೆದು ಆಸ್ಪತ್ರೆಯ ಗಾಡಿ ತಳ್ಳುವವನು ಚಕ್ರದ ಕುರ್ಚಿಯಲ್ಲಿ ಒಬ್ಬಳನ್ನು ತಂದು ಸಾಲಿನ ಮುಂದೆ ನಿಲ್ಲಿಸಿದ. ಹೊಲಿಗೆ ಕಾರ್ಖಾನೆಯಲ್ಲಿ ಮಷೀನಿನ ಮೇಲೇ ಕುಸಿದಳಂತೆ, ಸೂಪರ್‌ವೈಸರ್ ಗಾಡಿ ಮಾಡಿ ಕಳಿಸಿದ್ದಾನಂತೆ, ಜೊತೆಗೆ ಯಾರೂ ಇಲ್ಲವಂತೆ. ತಲೆ ತಗ್ಗಿಸಿ, ಎಡ ಪಕ್ಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಸಣ್ಣ ಸಣ್ಣ ಉಸಿರು ಎಳೆಯುತ್ತಿದ್ದಳು. ಕತ್ತು ನೋಡಿಯೇ ಮಾತಿನಮ್ಮನಿಗೆ ಸೊಸೆ ಎಂದು ತಿಳಿಯಿತು. ಮೊದಲು ಬಂದದ್ದು ಕನಿಕರವಲ್ಲ, ಕೆಟ್ಟ ಸಿಟ್ಟು. ಊರಿನಲ್ಲಿ ಇರುವುದು ಇದೊಂದೇ ಆಸ್ಪತ್ರೆಯೇ? ತನ್ನ ಕುರ್ಚಿಯ ಮುಂದೆಯೇ ಬಂದು ಕೂರಬೇಕೇ, ಮಾನ ಹರಾಜು ಹಾಕಲು? ಬೆಳಿಗ್ಗೆ ಇವಳು ನೆಟ್ಟಗೆ ನಡೆದುಕೊಂಡೇ ಕೆಲಸಕ್ಕೆ ಹೋಗಿದ್ದಳಲ್ಲ. ಗಾಡಿ ತಳ್ಳುವವನು ಅತ್ತ ಹೋದದ್ದೇ ಎದ್ದು ಬಂದು ಬಗ್ಗಿ, ರೋಗಿಯನ್ನು ಸರಿಯಾಗಿ ಕೂರಿಸುವವಳ ಹಾಗೆ ತೋಳು ಹಿಡಿದಳು. ಬೆಳಿಗ್ಗೆಯಿಂದ ಕಡಿಯುತ್ತಿದ್ದ ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಉಗುರುಗಳು ಸೊಸೆಯ ತೋಳಿನ ಮೆತ್ತಗಿನ ಜಾಗದಲ್ಲಿ ಇಳಿದವು, ಇಳಿದು ತಿರುಚಿದವು.

"ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನು," ಎಂದಳು ಪಿಸುದನಿಯಲ್ಲಿ. "ನನ್ನ ಗುರುತಿದೆ ಅಂತ ಹೇಳಬೇಡ. ಮನೆ ಮಾತು ಮನೇಲಿರಲಿ."

ಸೊಸೆ ಕೂಗಲಿಲ್ಲ, ತೋಳು ಎಳೆದುಕೊಳ್ಳಲೂ ಇಲ್ಲ. ಅತ್ತೆಯ ಕೈಯನ್ನು ಅದು ಬೇರೆ ಯಾರದೋ ತೋಳಿನ ಮೇಲಿದೆ ಎಂಬಂತೆ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಸ್ವಂತದವರು ರೋಗಿಯಾಗಿ ಬಂದರೆ ಮಾತು ದಾಟಿಸಬಾರದು, ಬೇರೆಯವರನ್ನು ಕರೆಸಬೇಕು ಎಂದು ಆಸ್ಪತ್ರೆಯ ಕಟ್ಟಳೆ ಇದೆ. ಗಂಡಸರ ವಾರ್ಡಿನಿಂದ ಇನ್ನೊಬ್ಬನನ್ನು ಕರೆಸಬಹುದಿತ್ತು. ಆದರೆ ಅವನನ್ನು ಕರೆಸಿದರೆ ಅವನು ಕೇಳಿದ್ದನ್ನು ಕೇಳಿದ ಹಾಗೆಯೇ ದಾಟಿಸುತ್ತಾನೆ. ಮಾತಿನಮ್ಮ ಬಾಯಿ ಬಿಡದೆ ಕುರ್ಚಿ ತಳ್ಳಿಕೊಂಡು ಒಳಗೆ ಹೋದಳು. ಒಂದು ಮಾತು ಬಾಯಿ ತಪ್ಪಿ ಆಚೆ ಬಿದ್ದರೆ ಮಗನನ್ನು ಪೊಲೀಸರು ಎಳೆದುಕೊಂಡು ಹೋಗುತ್ತಾರೆ, ಮನೆ ಬಾಗಿಲು ಬೀಳುತ್ತದೆ, ತನ್ನ ಕುರ್ಚಿಯೂ ಹೋಗುತ್ತದೆ. ಆ ಮಾತು ಬೀಳದ ಹಾಗೆ ನೋಡಿಕೊಳ್ಳುವುದು ತನ್ನ ಕೈಯಲ್ಲೇ, ತನ್ನೊಬ್ಬಳ ಕೈಯಲ್ಲೇ ಇದೆ ಎಂದು ಅವಳು ತನಗೆ ತಾನೇ ಧೈರ್ಯ ಹೇಳಿಕೊಂಡಳು.

ಮಂಚದ ಮೇಲೆ ಮಲಗಿಸಿ ಡಾಕ್ಟರಮ್ಮ ಸೊಸೆಯ ಅಂಗಿ ಸರಿಸಿದಳು. ಒಂದೇ ಸೂರಿನ ಕೆಳಗೆ ಇದ್ದೂ ಮಾತಿನಮ್ಮ ಆ ಮೈಯನ್ನು ನೋಡಿರಲಿಲ್ಲ. ಪಕ್ಕೆಯಲ್ಲಿ ಹಸೀ ನೇರಳೆ ಬಣ್ಣದ ಬಾವು, ಅದರ ನಡುವೆ ಪಾದದ ಅಂಚು. ಅದು ನಿನ್ನೆಯದು. ಆದರೆ ಬಾವು ಅದೊಂದೇ ಅಲ್ಲ. ಅದರ ಕೆಳಗೆ ಹಸಿರು ತಿರುಗಿದ್ದು, ಸೊಂಟದ ಮೇಲೆ ಹಳದಿಗೆ ಬಂದು ಮಾಸುತ್ತಿರುವುದು, ಬೆನ್ನಿನ ಕಡೆ ಬರೀ ಗೆರೆಗಳಾಗಿ ಉಳಿದಿರುವುದು. ಯಾವುದು ಯಾವಾಗಿನದು ಎಂದು ಅವಳಿಗೆ ಬೇಡವೆಂದರೂ ತಿಳಿಯುತ್ತಿತ್ತು. ಆ ಹಸಿರು ತಾನು ಒಲೆಯ ಮಾತು ಆಡಿದ ದಿನದ್ದು. ಆ ಹಳದಿ ಅಮ್ಮನ ಮನೆಯ ಮಾತಿನದ್ದು. ತಾನು ಸಂಜೆ ಸಂಜೆ ಕೂತು ದಾಟಿಸಿದ ಮಾತುಗಳೆಲ್ಲ ಇಲ್ಲಿ ಬಂದು ಸೇರಿದ್ದವು.  ಮಗನ ತಲೆಯನ್ನು ಅವನು ರಿಪೇರಿ ಮಾಡುವ ಲಿಫ್ಟಿನ ಬಾಗಿಲುಗಳ ನಡುವೆ ಇಟ್ಟು ಮುಚ್ಚಬೇಕು ಎನಿಸಿತು. ಆ ಬಾಗಿಲು ಮುಚ್ಚುವುದು, ಮತ್ತೆ ತೆರೆದು ಮತ್ತೆ ಮುಚ್ಚುವುದು ಕಣ್ಣ ಮುಂದೆಯೇ ನಡೆಯಿತು. ಹೆತ್ತ ಮಗ ಎಂದು ಒಂದು ಚೂರೂ ಕರುಳು ಚುರ್ ಎನ್ನಲಿಲ್ಲ. ಆಮೇಲೆ ಅದೇ ಬಾಗಿಲ ನಡುವೆ ಯಾರದೋ ನರೆತ ತಲೆ ಕಂಡಿತು. ಅವಳು ನೋಟವನ್ನು ನೆಲಕ್ಕೆ ಇಳಿಸಿದಳು.

ಡಾಕ್ಟರಮ್ಮ ಪಕ್ಕೆಯನ್ನು ಬೆರಳಿನಿಂದ ಒತ್ತಿ ಟೆಂಡರ್ ಎಂದಳು, ಯಾವ ಬಗೆಯ ನೋವು ಎಂದು ಕೇಳಿದಳು. ಸೊಸೆ ಉಸಿರು ತೆಗೆದರೆ ಚುಚ್ಚುತ್ತೆ ಎಂದಳು. ಸ್ಟ್ಯಾಬಿಂಗ್ ಎಂದು ಮಾತಿನಮ್ಮ ದಾಟಿಸಿದಳು. ಇಷ್ಟರವರೆಗೆ ಸಲೀಸಾಗಿ ಹೋಯಿತು. ಪಕ್ಕೆಲುಬು ಮುರಿದಿದೆ, ಎಕ್ಸ್‌ರೇ ಆಗಬೇಕು, ಇದು ಹೇಗಾಯಿತು ಎಂದು ಡಾಕ್ಟರಮ್ಮ ಕೇಳಿದಳು. ಮಾತಿನಮ್ಮ ಹೇಗಾಯಿತು ಎಂದು ಕೇಳಿ, ಸೊಸೆಯ ಕಣ್ಣಿನಲ್ಲಿ ಕಣ್ಣಿಟ್ಟು ಕಾದಳು. ಸೊಸೆ ತುಟಿ ತೆರೆಯಲಿಲ್ಲ. ಕಾಯಲಾರದೆ ಮಾತಿನಮ್ಮನೇ, ಷಿ ಫೆಲ್ ಡೌನ್, ಬಾತ್‌ರೂಮ್ ಎಂದುಬಿಟ್ಟಳು.

ಡಾಕ್ಟರಮ್ಮ ತಲೆ ಎತ್ತಿದಳು. ಇವಳು ಮಾತಾಡಿದ್ದು ನನಗೆ ಕೇಳಿಸಲಿಲ್ಲವಲ್ಲ ಎಂದಳು.  ಡಾಕ್ಟರಮ್ಮ ಬೇಸರದಿಂದಲೇ ಕೆಲಸದ ನಿಯಮ ನೆನಪಿಸಿದಳು: ಅವಳು, ಇವಳು ಅನ್ನುವುದು ಬೇಡ. ರೋಗಿ ನನಗೆ ನೋವು ಎಂದರೆ ನೀನೂ ನನಗೆ ನೋವು ಎನ್ನಬೇಕು. ನಿನ್ನ ಬಾಯಲ್ಲಿ ನಾನು ಎಂದು ಬಂದರೆ ಅದು ರೋಗಿಯೇ, ನೀನಲ್ಲ. ನೀನು ಈ ಕೋಣೆಯಲ್ಲಿ ಇಲ್ಲವೇ ಇಲ್ಲ. ಮಾತಿನಮ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ. ವರ್ಷಗಟ್ಟಲೆ ಹಾಗೆ ಆಡಿದ್ದಾಳೆ; ನನಗೆ ರಕ್ತ ಹೋಗುತ್ತಿದೆ, ನನ್ನ ಮಗು ಒದೆಯುತ್ತಿಲ್ಲ, ನಾನು ಸಾಯುತ್ತೇನಾ ಡಾಕ್ಟರ್ ಎಂದು ಊರ ಹೆಂಗಸರ ನಾನುಗಳನ್ನೆಲ್ಲ ತನ್ನ ನಾಲಿಗೆಯಿಂದ ಆಡಿ, ಸಂಜೆ ಬಾಯಿ ಮುಕ್ಕಳಿಸಿ ಮನೆಗೆ ಹೋಗಿದ್ದಾಳೆ. ಸಾರಿ ಡಾಕ್ಟರ್ ಎಂದಳು. ಡಾಕ್ಟರಮ್ಮ ಕೈ ತೊಳೆದು ಬಂದು ಸ್ಟೂಲಿನ ಮೇಲೆ ಕೂತಳು. ನಿನ್ನೆ ನಾನು ಹೇಳಿಕೊಟ್ಟ ಹಾಗೆ ಕೇಳು ಎಂದು ಮಾತಿನಮ್ಮನಿಗೆ ಹೇಳಿ, ಸೊಸೆಯ ಕಡೆ ತಿರುಗಿ, ನಿಧಾನವಾಗಿ, ಕೊನೆಯಲ್ಲಿ ದನಿ ಸ್ವಲ್ಪ ಮೇಲಕ್ಕೆ ಎತ್ತಿ ಕೇಳಿದಳು: ಡು ಯು ಫೀಲ್ ಸೇಫ್ ಅಟ್ ಹೋಮ್.

ಹಳೆಯ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಡಾಕ್ಟರಮ್ಮನಿಗೆ ಕನ್ನಡ ತಿಳಿಯದು. ಅಭ್ಯಾಸದ ದನಿ, ಅಭ್ಯಾಸದ ರಾಗ. ಉತ್ತರ ತಾನಾಗಿ ಬರುತ್ತದೆ, ಇವಳೂ ಕ್ಷೇಮ ಎನ್ನುತ್ತಾಳೆ, ಎಲ್ಲ ಮುಗಿಯುತ್ತದೆ. "ಮನೇಲೆಲ್ಲ ಕ್ಷೇಮವಾ?" ಎಂದು ಮಾತಿನಮ್ಮ ಕೇಳಿದಳು.

ಸೊಸೆಯ ಮುಖದಲ್ಲಿ ಒಂದು ನಗು ಎದ್ದಿತು. ಪಕ್ಕೆ ಹಿಡಿದುಕೊಂಡು, ನೋವಿಗೆ ಕಣ್ಣಲ್ಲಿ ನೀರು ಬಂದರೂ ಅದನ್ನು ತಡೆದುಕೊಳ್ಳಲಾರದೆ ಹೋದಳು.

"ಈಗ ಇವರು ಹೇಳಿದ್ರಲ್ಲ, ನಿನ್ನೆ ಕನ್ನಡಿ ಮುಂದೆ ನೀವು ಹೇಳ್ಕೋತಾ ಇದ್ದಿದ್ದು ಇದನ್ನೇ ಅಲ್ವಾ?" ಎಂದಳು. "ಥೇಟ್ ಹೀಗೇ ಇತ್ತು. ನಮ್ಮತ್ತೆ ಎಷ್ಟು ಚೆನ್ನಾಗಿ ಆಡ್ತಾರೆ ಅಂತ ಖುಷಿಗೆ ನಗು ಬಂತು ನಂಗೆ. ಅಷ್ಟೇ ಅತ್ತೆ."

ಏನೆನ್ನುತ್ತಾಳೆ ಎಂದು ಡಾಕ್ಟರಮ್ಮ ಕೇಳಿದಳು. ಮಾತಿನಮ್ಮನಿಗೆ ಇಂಗ್ಲಿಷ್ ಸಿಗಲಿಲ್ಲ. ಒಂದು ಮಾತೂ ಸಿಗಲಿಲ್ಲ. ಸ್ಟ್ಯಾಬಿಂಗ್, ಶೂಟಿಂಗ್, ಕ್ರಶಿಂಗ್ ಎಂಬವಷ್ಟೇ ತಲೆಯೊಳಗೆ ಒಂದರ ಮೇಲೊಂದು ಬೀಳುತ್ತಿದ್ದವು. ಖುಷಿಗೆ ನಕ್ಕಿದ್ದು. ಮನೆಗೆ ಬಂದ ಮೇಲೆ ಈ ಹುಡುಗಿ ತನ್ನ ಬಗ್ಗೆ ಖುಷಿಪಟ್ಟದ್ದು ಅದೊಂದೇ ಸಲವೋ, ಹಿಂದೆಯೂ ಪಟ್ಟಿದ್ದಳೋ, ಅದನ್ನೆಲ್ಲ ತಾನು ಏನೇನಾಗಿ ದಾಟಿಸಿದ್ದೆನೋ! ಅವಳಿಗೆ ತನ್ನ ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಕಡಿದು ಹಾಕಬೇಕೆನಿಸಿತು. ನಿಜವಾಗಿಯೂ ಕಡಿದಳು, ಬಾಯಲ್ಲಿ ರಕ್ತದ ಉಪ್ಪು ತಿಳಿಯಿತು. ಡಾಕ್ಟರಮ್ಮ ಇನ್ನೊಮ್ಮೆ ಕೇಳುವಂತೆ ಸನ್ನೆ ಮಾಡಿದಳು. ಮಾತಿನಮ್ಮ ಸೊಸೆಯ ಮುಖ ನೋಡಲಾರದೆ, ಮಂಚದ ಕಬ್ಬಿಣದ ಅಂಚನ್ನು ಹಿಡಿದುಕೊಂಡು, ಈ ಸಲ ಸರಿಯಾಗಿ ಕೇಳಿದಳು.

"ಮನೇಲಿ ನಿನ್ನ ಯಾರು ಹೊಡೀತಾರೆ? ಯಾರ ಭಯ ಇದೆ ನಿಂಗೆ?"

ಸೊಸೆಯ ನಗು ನಿಂತಿತು. ಈ ಪ್ರಶ್ನೆಗೆ ಎಷ್ಟೋ ದಿನದಿಂದ ಉತ್ತರ ಇಟ್ಟುಕೊಂಡಿದ್ದಳೇನೋ, ಹುಡುಕಲಿಲ್ಲ. "ಹೊಡೆಯೋದು ನಿಮ್ಮ ಮಗ," ಎಂದಳು. "ಭಯ ಅವರದ್ದಲ್ಲ. ಸಂಜೆ ಅವರು ಬಂದು ಕೂತಾಗ ನೀವು ಬಾಯಿ ತೆಗೀತೀರಲ್ಲ, ಅದರದ್ದು."

ಹೊರಗೆ ಯಾರೋ ಯಾರನ್ನೋ ಕೂಗಿ ಕರೆದರು. ಟ್ರಾಲಿಯೊಂದು ಕಿರುಗುಟ್ಟುತ್ತ ಹೋಯಿತು. ಈಗಲೂ ತಿರುಚಬಹುದಿತ್ತು, ಬಾತ್‌ರೂಮಿಗೆ ಇನ್ನೂ ದಾರಿಯಿತ್ತು. ಮಾತಿನಮ್ಮ ಬಾಯಲ್ಲಿದ್ದ ರಕ್ತವನ್ನು ನುಂಗಿ, ಒಂದೊಂದೇ ಮಾತನ್ನು ಎತ್ತಿ ಆಚೆ ಇಟ್ಟಳು. ನನ್ನ ಗಂಡ ನನ್ನನ್ನು ಹೊಡೆಯುತ್ತಾನೆ. ನನಗೆ ಅವನ ಭಯವಿಲ್ಲ. ಸಂಜೆ ನನ್ನ ಅತ್ತೆ ಬಾಯಿ ತೆರೆದಾಗ ನನಗೆ ಭಯವಾಗುತ್ತದೆ. ಐ ಆಮ್ ಅಫ್ರೇಡ್ ಎನ್ನುವಾಗ ಅವಳ ದನಿ ನಡುಗಿತು. ಡಾಕ್ಟರಮ್ಮ ಬರೆದುಕೊಂಡಳು. ಕೊನೆಗೂ ಒಬ್ಬಳು ಬಾಯಿ ಬಿಟ್ಟಳಲ್ಲ ಎಂಬ ಸಮಾಧಾನ ಆಕೆಯ ಮುಖದ ಮೇಲೆ ಕಾಣುತ್ತಿತ್ತು. ಸೊಸೆಯ ಮೊಣಕೈಯನ್ನು ಮೆಲ್ಲಗೆ ಮುಟ್ಟಿ, ಇವತ್ತು ನಿನ್ನನ್ನು ಆ ಮನೆಗೆ ಕಳಿಸುವುದಿಲ್ಲ ಎಂದಳು. ತೋಳಿನ ಮೇಲೆ ಹೊಸದಾಗಿ ಮೂಡಿದ್ದ ನಾಲ್ಕು ಉಗುರಿನ ಗುರುತುಗಳನ್ನು ಕಂಡು ಹುಬ್ಬು ಗಂಟಿಕ್ಕಿ, ಆ ಅತ್ತೆ ಈಗ ಎಲ್ಲಿದ್ದಾಳೆ, ಕೇಳು ಎಂದಳು.

ಮಾತಿನಮ್ಮ ಸೊಸೆಯ ಕಡೆ ತಿರುಗಿದಳು. ಕೇಳದೆ ಇರುವುದಕ್ಕೆ ಬರುವುದಿಲ್ಲ, ಅದು ಕೆಲಸ. "ನಿನ್ನ ಅತ್ತೆ ಈಗ ಎಲ್ಲಿದ್ದಾರೆ ಅಂತ ಕೇಳ್ತಿದ್ದಾರೆ," ಎಂದಳು.

ಸೊಸೆ ಅವಳನ್ನು ನೋಡಿದಳು. ಬೆರಳು ಮಾಡಿ ತೋರಿಸಬಹುದಿತ್ತು, ಅದಕ್ಕೆ ಇಂಗ್ಲಿಷೂ ಬೇಕಿರಲಿಲ್ಲ. ತೋರಿಸಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ನೀವೇ ಹೇಳಿ," ಎಂದಳು.

ಐ ಆಮ್ ದ ಮದರ್ ಇನ್ ಲಾ ಎಂದಳು ಮಾತಿನಮ್ಮ.

ಡಾಕ್ಟರಮ್ಮ ನಿಯಮದಂತೆ ಮಂಚದ ಮೇಲಿದ್ದವಳ ಕಡೆ ನೋಡಿದಳು. ಇಷ್ಟು ಚಿಕ್ಕವಳು ಅತ್ತೆ ಹೇಗಾದಳು ಎಂದು ಗೊಂದಲಕ್ಕೆ ಬಿದ್ದು, ಯಾರಿಗೆ ಅತ್ತೆ, ಸರಿಯಾಗಿ ಕೇಳು ಎಂದಳು.  ಊರವರ ನಾನುಗಳನ್ನೆಲ್ಲ ಆಡಿದ ಮಾತಿನಮ್ಮನ ಬಾಯಿಗೆ ತನ್ನದೊಂದನ್ನು ಆಡಲು ಬರಲಿಲ್ಲ. ಉಗುರಿನ ಸಂದಿಯಲ್ಲಿ ಇನ್ನೂ ಸೊಸೆಯ ತೊಗಲಿದ್ದ ಕೈಯನ್ನು ಎತ್ತಿ ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಷಿ ನಾಟ್ ಸೇಯಿಂಗ್, ಐ ಸೇಯಿಂಗ್ ಎಂದಳು.

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಕೆ ಸ್ಟೂಲಿನಿಂದ ಎದ್ದು, ಸುತ್ತಿ ಬಂದು, ಮಂಚಕ್ಕೂ ಮಾತಿನಮ್ಮನಿಗೂ ನಡುವೆ ನಿಂತಳು. ಆಕೆಯ ಬೆನ್ನ ಹಿಂದೆ ಸೊಸೆ ಕಾಣುತ್ತಿರಲಿಲ್ಲ, ಸಣ್ಣ ಸಣ್ಣ ಉಸಿರು ಮಾತ್ರ ಕೇಳುತ್ತಿತ್ತು. ಬಾಗಿಲ ಕಡೆ ಕೈ ತೋರಿಸಿ ಡಾಕ್ಟರಮ್ಮ ಮೆಲ್ಲಗೆ ಒಂದು ಮಾತು ಹೇಳಿದಳು. ಅದನ್ನು ಯಾರಿಗೂ ದಾಟಿಸಬೇಕಾಗಿರಲಿಲ್ಲ.